ಕುದಿಸಿದ ಕಲ್ಲುಗಳು

ಭಾವ ತೀರಿಕೊಂಡ ಹದಿನೈದು ದಿನಕ್ಕೆ ಅಕ್ಕನನ್ನು ದಾವಣಗೆರೆಯಿಂದ ಹರಿಹರಕ್ಕೆ ಕರೆದುಕೊಂಡು ಬಂದೆವು. ಭಾವ ಹತ್ತಿ ಗಿರಣಿಯ ನೂಲಿನ ಖಾತೆಯಲ್ಲಿ ಕೆಲಸಕ್ಕಿದ್ದರು. ವಾಸಕ್ಕೆ ಗಿರಣಿಯದೇ ಮನೆ. ಅವರ ಜಾಗಕ್ಕೆ ಬಂದ ಕೆಲಸಗಾರ ಹೆಂಡತಿ ಮಕ್ಕಳ ಸಮೇತ ಬಂದು, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು, ನಾವು ಯಾವಾಗ ಖಾಲಿ ಮಾಡುತ್ತೇವೆಂದು ನೋಡುತ್ತಿದ್ದ. ಪಾಪ, ಅವನಾದರೂ ಎಲ್ಲಿಗೆ ಹೋಗಬೇಕು. ಆದರೂ ಅವನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅಕ್ಕನಿಗೆ ಮಕ್ಕಳಿರಲಿಲ್ಲ. ಅತ್ತೆ ಮಾವ ಎಂದೋ ಹೋಗಿದ್ದರು. ಇದ್ದವನು ನಾನೊಬ್ಬ ತಮ್ಮ, ಹರಿಹರದ ಮಿಷಿನ್ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಲ್ಲುವವನು. ಮನೆಯಲ್ಲಿ ನಮ್ಮ ಅವ್ವ, ಐದು ತಿಂಗಳ ಬಸುರಿ ಹೆಂಡತಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆಗೆ ಸೇರಿ ಮೂರು ವರ್ಷವಾಗಿತ್ತಷ್ಟೆ, ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಹಮ್ಮು ತಲೆಗೇರಿತ್ತು.

ಅಕ್ಕನ ಸಾಮಾನು ಹೆಚ್ಚಿರಲಿಲ್ಲ. ಒಂದು ಟ್ರಂಕು, ಹಾಸಿಗೆ ಸುರುಳಿ, ಒಂದಿಷ್ಟು ಪಾತ್ರೆ. ಅದರ ಜೊತೆಗೆ ಮೀನಿನ ತೊಟ್ಟಿ.

ಆ ತೊಟ್ಟಿಯನ್ನು ಭಾವನೇ ಮಾಡಿದ್ದು. ಕಬ್ಬಿಣದ ಪಟ್ಟಿಯ ಚೌಕಟ್ಟು, ನಾಲ್ಕು ಕಡೆ ಕಿಟಕಿಯ ಗಾಜು, ಅಡಿಗೆ ಕಡಪ ಕಲ್ಲು. ಹದಡಿಯ ಕಡೆ ಹಳ್ಳವೊಂದರಲ್ಲಿ ಪಂಚೆ ಒಡ್ಡಿ ಹಿಡಿದು ತಂದ ಏಳು ಮೀನು ಅದರಲ್ಲಿದ್ದವು. ಹೆಬ್ಬೆರಳಿನಷ್ಟುದ್ದ, ಬಾಲದ ಹತ್ತಿರ ಒಂದು ಕರಿ ಚುಕ್ಕೆ. ತೊಟ್ಟಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ತಳಕ್ಕೆ ತೂತು ಹಾಕಿದ ಮಣ್ಣಿನ ಗಡಿಗೆ, ಗಡಿಗೆಯೊಳಗೆ ಹೊಳೆಯ ಸಣ್ಣ ಕಲ್ಲು. ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಭಾವ ತೊಟ್ಟಿಯ ನೀರನ್ನೇ ಚೆಂಬಿನಲ್ಲಿ ಮೊಗೆದು ಗಡಿಗೆಗೆ ಸುರಿಯುತ್ತಿದ್ದರು. ಅದು ಕಲ್ಲಿನ ಸಂದಿಯಿಂದ ಇಳಿದು ತೊಟ್ಟಿಗೇ ತೊಟ್ಟಿಕ್ಕುತ್ತಿತ್ತು. ಮೀನು ತಿನ್ನದ ಮನೆಯಲ್ಲಿ ಮೀನು ಸಾಕುತ್ತಾನೆಂದು ಗಿರಣಿ ಮನೆಗಳ ಲೈನಿನವರೆಲ್ಲ ಚೇಷ್ಟೆ ಮಾಡುತ್ತಿದ್ದರು. ಭಾವ ಮಾತಿನವರಲ್ಲ. ನಕ್ಕು ಇನ್ನೊಂದು ಚೆಂಬು ಸುರಿಯುತ್ತಿದ್ದರು.

ಕೊನೆಯ ವರ್ಷ ಅವರಿಗೆ ಕೆಮ್ಮು ಹತ್ತಿತು. ಮೊದಲು ಹತ್ತಿ ಧೂಳು ಅಂದರು, ಆಮೇಲೆ ರಕ್ತ ಬಿತ್ತು, ಆಮೇಲೆ ಡಾಕ್ಟರು ಕ್ಷಯ ಅಂದರು. ಸೂಜಿಮದ್ದು ಶುರುವಾಗುವ ಹೊತ್ತಿಗೆ ತಡವಾಗಿತ್ತು. ಭಾವ ಹಾಸಿಗೆ ಹಿಡಿದಾಗಿನಿಂದ ಗಡಿಗೆಗೆ ನೀರು ಸುರಿಯುವ ಕೆಲಸ ಅಕ್ಕನದಾಯಿತು. ಅವರು ಮಲಗಿದ್ದಲ್ಲಿಂದಲೇ ನೀರು ತೊಟ್ಟಿಕ್ಕುವುದನ್ನು ಕೇಳುತ್ತಿದ್ದರಂತೆ. ನಿಂತರೆ ಕೈಯೆತ್ತಿ ಸನ್ನೆ ಮಾಡುತ್ತಿದ್ದರಂತೆ.

ಸತ್ತ ಮೇಲೆ ಅಕ್ಕ ಅನ್ನ ನೀರು ಬಿಟ್ಟಳು. ಯಾರು ಎಷ್ಟು ಹೇಳಿದರೂ ಎರಡು ತುತ್ತಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಆದರೆ ಎರಡು ಹೊತ್ತು ಎದ್ದು ಮೀನಿಗೆ ಮಾತ್ರ ನೀರು ಸುರಿದು, ಹಿಟ್ಟು ಉದುರಿಸುತ್ತಿದ್ದಳು. ಎದ್ದವಳನ್ನು ಹಿಡಿದು ಅವ್ವ ಅಲ್ಲೇ ಉಣ್ಣಿಸಿಬಿಡುತ್ತಿದ್ದಳು. "ಅವು ಅದಾವೆ ಅಂತ ಇವಳು ಏಳ್ತಾಳೆ. ಅವಕ್ಕೇನಾರ ಆದ್ರೆ ಇವಳನ್ನ ಹಿಡಿಯಾಕೆ ನಂಗಾಗಲ್ಲಪ್ಪ," ಅಂದಿದ್ದಳು ಅವ್ವ. ಅದಕ್ಕೇ ತೊಟ್ಟಿ ಹರಿಹರಕ್ಕೆ ಬಂದದ್ದು. ಇಲ್ಲದಿದ್ದರೆ ಆ ಭಾರದ ಗಾಜನ್ನು ಯಾರು ಹೊರುತ್ತಿದ್ದರು.

ತೊಟ್ಟಿಯನ್ನೂ ಟ್ರಂಕನ್ನೂ ಎತ್ತಿನ ಗಾಡಿಗೆ ಹುಲ್ಲು ಹಾಸಿ ಹೇರಿಸಿ ನಾನು ಗಾಡಿಯ ಜೊತೆ ಬಂದೆ. ಅಕ್ಕ, ಅವ್ವ ಬಸ್ಸಿನಲ್ಲಿ ಬಂದರು. ಏಳೂ ಮೀನು ಅಕ್ಕನ ತೊಡೆಯ ಮೇಲೆ ಒಂದು ಮಣ್ಣಿನ ಗಡಿಗೆಯಲ್ಲಿ. ತಾಮ್ರದ ಕೊಡದಲ್ಲಿ ಮೀನು ಉಳಿಯುವುದಿಲ್ಲ ಎಂದು ಭಾವ ಹೇಳಿಕೊಟ್ಟಿದ್ದರಂತೆ. ಕಂಡಕ್ಟರು ಬಗ್ಗಿ ನೋಡಿ, "ಏನಮ್ಮ, ರಾತ್ರಿಗೆ ಸಾರೇನು?" ಅಂದನಂತೆ. ಅಕ್ಕ ಸೆರಗು ಎಳೆದು ಗಡಿಗೆಯ ಬಾಯಿ ಮುಚ್ಚಿಕೊಂಡಳು ಎಂದು ಅವ್ವ ಹೇಳಿದಳು.

ಆಗ ನಮ್ಮಲ್ಲಿ ಗಂಡನನ್ನು ಕಳೆದುಕೊಂಡವಳು ಮೂರು ತಿಂಗಳು ಹೊಸಿಲು ದಾಟುವಂತಿರಲಿಲ್ಲ. ಒಳಕೋಣೆಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸುತ್ತಿದ್ದರು. ಹಿತ್ತಲಿಗೆ ಹೋಗುವುದಾದರೂ ಎದುರಿಗೆ ಯಾರೂ ಇಲ್ಲದಾಗ. ಗಿರಣಿಯ ಮನೆ ಬಿಡಬೇಕಾಗಿ ಅಷ್ಟು ದೂರ ಬಂದದ್ದೇ ಹೆಚ್ಚು, ಬಂದವಳೇ ಅಕ್ಕ ಆ ಕೋಣೆ ಸೇರಿದಳು. ಮೀನಿನ ಗಡಿಗೆಯೂ ಅವಳ ಪಕ್ಕದಲ್ಲೇ ಕೂತಿತು.

ಡಾಕ್ಟರು ಭಾವ ಬಳಸಿದ ಬಟ್ಟೆ ಪಾತ್ರೆಯನ್ನೆಲ್ಲ ಕುದಿಸಿರೆಂದು ಹೇಳಿದ್ದರು. ಅಕ್ಕನ ಎದೆಯನ್ನೂ ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಚೀಟಿ ಬರೆದುಕೊಟ್ಟಿದ್ದರು. ಚೀಟಿಯನ್ನು ನಾನು ಎರಡು ಸಲ ಓದಿ ಟ್ರಂಕಿನಲ್ಲಿಟ್ಟೆ. ಕುದಿಸುವ ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹಿಡಿದುಕೊಂಡೆ. ಮನೆಯಲ್ಲಿ ಬಸುರಿ ಹೆಂಗಸಿದ್ದಾಳೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆ ಏರಿಸಿದೆ. ಬಟ್ಟೆ ಕುದಿಸಿದೆ, ತಟ್ಟೆ ಲೋಟ ಕುದಿಸಿದೆ, ಹಾಸಿಗೆಯ ಹತ್ತಿ ತೆಗೆದು ಸುಟ್ಟೆ. ಕೊನೆಗೆ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಗಡಿಗೆಯ ಕಲ್ಲುಗಳ ಮೇಲೆ ಕಂದು ಬಣ್ಣದ ಲೋಳೆ ಹಿಡಿದಿತ್ತು. ಮೂಗಿಗೆ ಮಣ್ಣಿನ ವಾಸನೆ. ಆ ಲೋಳೆ ನೋಡಿ ನನಗೆ ಭಾವ ಕಫ ಉಗುಳುತ್ತಿದ್ದ ಬಟ್ಟಲೇ ನೆನಪಾಯಿತು. ಹೇಸಿಕೆಯಾಯಿತು.

ಎಲ್ಲ ಕಲ್ಲನ್ನೂ ಹಂಡೆಗೆ ಸುರಿದು ಅರ್ಧ ದಿನ ಕುದಿಸಿದೆ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಗಡಿಗೆಯನ್ನು ಸುಣ್ಣದ ನೀರಲ್ಲಿ ಅದ್ದಿಟ್ಟೆ. ಗಾಜಿಗೆ ಬ್ಲೀಚಿಂಗ್ ಪುಡಿ ಹಚ್ಚಿ ತೊಳೆದೆ. ಪಾಳಿ ಮುಗಿದ ಮೇಲೆ ಮಿಷಿನ್ನನ್ನು ಒರೆಸಿ ಫಳಫಳ ಅನ್ನಿಸಿಯೇ ಮನೆಗೆ ಹೋಗಬೇಕು ಅನ್ನುವುದು ಕಾರ್ಖಾನೆಯಲ್ಲಿ ಕಲಿತ ಮೊದಲ ಪಾಠ. ಅದೇ ಪಾಠ ಇಲ್ಲೂ ನಡೆಸಿದೆ. ಮೂರನೆಯ ದಿನ ತೊಟ್ಟಿಗೆ ಬಾವಿಯ ನೀರು ತುಂಬಿಸಿ, ಒಳಕೋಣೆಯ ಬಾಗಿಲ ಪಕ್ಕದಲ್ಲಿ, ಅಕ್ಕನಿಗೆ ಕಾಣುವಂತೆ ಇಟ್ಟೆ. ಕಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು.

ಅಕ್ಕ ಮೀನುಗಳನ್ನು ಒಂದೊಂದಾಗಿ ಬಿಡುವಾಗ ಕಲ್ಲುಗಳನ್ನು ನೋಡಿದಳು. "ತೊಳೆದ್ಯಾ?" ಅಂದಳು.

"ಹೂಂ. ಎಲ್ಲಾ ಚೊಕ್ಕ ಆತು ನೋಡು," ಅಂದೆ.

ಅವಳು ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮುಂದೊಂದು ದಿನ ಕೇಳಿದೆ. "ಮಂದಿ ಮನಿಗೆ ಬಂದು ಮೂರನೇ ದಿನಕ್ಕೇ ತಕರಾರು ತೆಗೆಯೋದು ಹೆಂಗಪ್ಪ," ಅಂದಳು. ಮಂದಿ ಮನೆ ಅಂದದ್ದು ನನ್ನ ಮನೆಯನ್ನು. ಅವಳನ್ನು ಹೆತ್ತ ಅವ್ವ ಇರುವ ಮನೆಯನ್ನು.

ನಾಲ್ಕು ದಿನ ಎಲ್ಲ ಚೆನ್ನಾಗಿತ್ತು. ಐದನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಸಂಜೆ ಒಂದು ಮಗ್ಗುಲಾಗಿ ತೇಲಿತು. ನಾನು ಮಾಡಿದ್ದೇನು? ಎಲ್ಲ ನೀರು ಚೆಲ್ಲಿ, ಕಲ್ಲುಗಳನ್ನು ಮತ್ತೆ ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿಸಿದೆ. ಎರಡು ದಿನ ಬಿಟ್ಟು ಮತ್ತೆರಡು ಸತ್ತವು. ಮತ್ತೆ ತೊಳೆದೆ. ಸಿಟ್ಟಿನಲ್ಲಿ ತೊಳೆದೆ. ಯಾರ ಮೇಲೆ ಸಿಟ್ಟೋ ಗೊತ್ತಿಲ್ಲ, ಭಾವನ ಮೇಲೂ ಇರಬಹುದು.

ಅಕ್ಕನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಅವ್ವ ನನ್ನನ್ನು ಹಿತ್ತಲಿಗೆ ಕರೆದು, "ಏನಾರ ಮಾಡೋ. ಇದು ಮೀನು ಸಾಯೋದಲ್ಲ," ಅಂದಳು. ಕಾರ್ಖಾನೆಯಲ್ಲಿ ಓದಿದವರು ಇದ್ದರು, ಅವರನ್ನು ಕೇಳಿದೆ. ಒಬ್ಬರು ನೀರಿಗೆ ಉಪ್ಪು ಹಾಕು ಅಂದರು, ಇನ್ನೊಬ್ಬರು ಹೊಳೆಗೆ ಬಿಡು ಅಂದರು. ಊರೆಲ್ಲ ಕೇಳಿದೆ, ಒಳಕೋಣೆಯಲ್ಲಿ ಕೂತವಳನ್ನು ಮಾತ್ರ ಕೇಳಲಿಲ್ಲ. ಮೂಲೆಯಲ್ಲಿ ಕೂರಿಸಿದವಳಿಗೆ ಊಟ ಕೊಡುತ್ತೇವೆ, ನೀರು ಕೊಡುತ್ತೇವೆ, ಅಭಿಪ್ರಾಯ ಕೇಳುವುದು ಎಲ್ಲಿ ಬಂತು. ಎಂಟು ವರ್ಷ ಆ ತೊಟ್ಟಿಯ ಪಕ್ಕದಲ್ಲೇ ಬಾಳಿದವಳು ಅವಳು ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ಮೀನು ಸತ್ತ ದಿನ ಮತ್ತೆ ಕಲ್ಲುಗಳನ್ನು ಬುಟ್ಟಿಗೆ ತುಂಬುತ್ತಿದ್ದೆ. ಒಳಗಿನಿಂದ ಅಕ್ಕ, "ತಮ್ಮ, ಬ್ಯಾಡ," ಅಂದಳು. ಅಂದು ತೊಳೆದ್ಯಾ ಎಂದು ಕೇಳಿದ ಮೇಲೆ ಅವಳಾಗಿ ಆಡಿದ ಮೊದಲ ಮಾತು. ನಾನು ಬಾಗಿಲಲ್ಲಿ ಕೂತೆ.

"ಮೊದ್ಲು ಹೆಂಗೆ ತೊಳೆದೆ, ಹೇಳು."

"ಹಂಡೇಲಿ ಹಾಕಿ ಕುದಿಸಿದೆ."

ಅವಳು ಕಣ್ಣು ಮುಚ್ಚಿಕೊಂಡಳು. "ಜಳಕದ ಬಿಸಿನೀರಿಗೆ ಒಲೆ ಹಚ್ಚೀಯ ಅಂತ ತಿಳ್ಕೊಂಡಿದ್ದೆ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳತೊಡಗಿದಳು. ಎಂಟು ವರ್ಷದಲ್ಲಿ ಭಾವ ಒಂದು ಸಲವೂ ಆ ಕಲ್ಲುಗಳನ್ನು ತಿಕ್ಕಿರಲಿಲ್ಲ. ಶುರುವಿನಲ್ಲಿ ಅವರೂ ತೊಳೆದು ತೊಳೆದೇ ಎರಡು ಸಲ ಮೀನು ಕಳೆದುಕೊಂಡಿದ್ದರು. ಆಮೇಲೆ ಬೇಸತ್ತು ಹಾಗೇ ಬಿಟ್ಟರು, ಬಿಟ್ಟ ಮೇಲೆ ಮೀನು ಉಳಿದವು. ಮೀನಿನ ಹೊಲಸನ್ನು ಆ ಲೋಳೆಯೇ ತಿಂದು ಅರಗಿಸುತ್ತದೆ, ಅದಕ್ಕೆ ಗಾಳಿ ಬೇಕು, ನೀರು ಹರಿಯುತ್ತಿರಬೇಕು, ಇಷ್ಟನ್ನು ಅವರು ನೋಡಿ ನೋಡಿ ಕಂಡುಕೊಂಡಿದ್ದರು. ಇದನ್ನೇ ಎಷ್ಟೋ ವರ್ಷದ ಮೇಲೆ ನಾನು ಪುಸ್ತಕದಲ್ಲಿ ಓದಿದೆ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ ನೆಲೆಸಿ ಮೀನಿನ ಮೈಯಿಂದ ಬರುವ ವಿಷವನ್ನು ಮುರಿಯುತ್ತವಂತೆ, ಅವು ನೆಲೆಯೂರಲು ವಾರಗಟ್ಟಲೆ ಬೇಕಂತೆ. ಭಾವ ಮೂರನೆಯ ಕ್ಲಾಸಿನವರೆಗೆ ಓದಿದವರು.

"ಹೆಪ್ಪು ಇದ್ದಂಗೆ ಅದು," ಅಂದಳು ಅಕ್ಕ. "ಮೀನೇನು, ಯಾವ ಹಳ್ಳಕ್ಕೆ ಹೋದ್ರೂ ಸಿಗ್ತಾವೆ. ಆ ಲೋಳೆ ಅವ್ರ ಕೈಯಾಗೆ ಆಗಿದ್ದು."

ಆ ಮಾತು ಕೇಳಿ ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಭಾವ ಬಿಟ್ಟುಹೋದದ್ದರಲ್ಲಿ ಅವರ ಕೈಯಲ್ಲೇ ಹುಟ್ಟಿ ಜೀವವಿದ್ದದ್ದು ಅದೊಂದೇ. ಅದನ್ನು ನಾನು ಹಂಡೆಯಲ್ಲಿ ಹಾಕಿ, ಕೆಳಗೆ ಬೆಂಕಿ ಊದಿ ಊದಿ ಕೊಂದಿದ್ದೆ. ತಪ್ಪಾಯ್ತು ಅನ್ನಬೇಕಿತ್ತು. "ಈಗೇನು ಮಾಡೋದು?" ಅಂತ ಗದರಿದಂತೆ ಕೇಳಿದೆ.

ದಾವಣಗೆರೆಯಲ್ಲಿ ಗಿರಣಿಗೆ ಹೋಗುವ ರಸ್ತೆಯಲ್ಲಿ ಭಾವನ ಗೆಳೆಯನೊಬ್ಬನ ಕಟಿಂಗ್ ಸಲೂನು ಇತ್ತು. ಗಿರಾಕಿಗಳು ಕೂತು ನೋಡಲಿ ಎಂದು ಅವನಿಗೂ ಭಾವ ಒಂದು ತೊಟ್ಟಿ ಮಾಡಿಕೊಟ್ಟಿದ್ದರು. ತಮ್ಮ ಗಡಿಗೆಯಿಂದ ಒಂದು ಬೊಗಸೆ ಕಲ್ಲು ತೆಗೆದು ಅವನ ಗಡಿಗೆಗೆ ಹಾಕಿ ಅದನ್ನು ಎಬ್ಬಿಸಿದ್ದರು. "ಅಲ್ಲಿ ಇನ್ನಾ ಇರ್ತೈತೆ. ಒಂದು ಬೊಗಸೆ ಕಲ್ಲು ತಗೊಂಬಾ," ಅಂದಳು ಅಕ್ಕ.

ಮರುದಿನ ಬೆಳಗಿನ ರೈಲಿಗೆ ಹೋದೆ. ನಾನು ಭಾವನ ಹೆಸರು ಹೇಳುತ್ತಲೇ ಸಲೂನಿನ ಯಜಮಾನ ಕಣ್ಣೊರೆಸಿಕೊಂಡು, ಬೇಕಾದಷ್ಟು ತಗೊಳ್ರಿ ಅಂದ. ಬುತ್ತಿಯ ಡಬ್ಬಿ ತುಂಬಿಸಿಕೊಂಡು ಬಿಗಿಯಾಗಿ ಮುಚ್ಚಳ ಹಾಕಿದೆ. ಹರಿಹರದಲ್ಲಿ ಇಳಿದಾಗ ಎರಡನೆಯ ಪಾಳಿಗೆ ಹೊತ್ತಾಗಿತ್ತು. ಮನೆಗೆ ಹೋಗಿ ಬಂದರೆ ತಡವಾಗುತ್ತದೆ. ಕಲ್ಲಿಗೇನಾಗುತ್ತದೆ, ಕಲ್ಲು ಕಲ್ಲೇ ಅಂದುಕೊಂಡು ನೇರ ಕಾರ್ಖಾನೆಗೆ ಹೋದೆ. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸಂಜೆಯವರೆಗೆ ಬಿಸಿಲು ಅದರ ಮೇಲೇ ಇತ್ತು.

ಪಾಳಿ ಮುಗಿಸಿ ಮನೆಗೆ ಬಂದಾಗ ಅಕ್ಕ ಎದ್ದೇ ಕೂತಿದ್ದಳು. ಡಬ್ಬಿ ತೆಗೆದು ಮೂಸಿದಳು. ಕೊಳೆತ ಮೊಟ್ಟೆಯ ವಾಸನೆ ನನಗೂ ಬಡಿಯಿತು. ಒಂದು ಕಲ್ಲು ತೆಗೆದು ಹೆಬ್ಬೆರಳಿನಲ್ಲಿ ಸವರಿ ಮತ್ತೆ ಅಲ್ಲೇ ಹಾಕಿದಳು. "ಸತ್ತಾವೆ," ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಬಸ್ಸಿನಲ್ಲಿ ಮೀನು ತಂದ ಮಣ್ಣಿನ ಗಡಿಗೆ ಇಟ್ಟುಕೊಂಡು, ತಲೆಬಾಗಿಲಲ್ಲಿ ನಿಂತಿದ್ದಳು. ಅವ್ವ ಅಡ್ಡ ನಿಂತಿದ್ದಳು.

"ಎಲ್ಲಿಗೆ?"

"ಕಲ್ಲು ತರಾಕೆ."

"ಇನ್ನಾ ದಿನ ತುಂಬಿಲ್ಲವ್ವ. ಒಳಗೆ ಬಸುರಿ ಹುಡುಗಿ ಅದಾಳೆ. ಮಂದಿ ಏನಂತಾರೆ?"

"ದಿನ ತುಂಬೋ ಹೊತ್ತಿಗೆ ಮೀನು ಇರಲ್ಲ," ಅಂದಳು ಅಕ್ಕ. ದನಿ ಏರಿಸಲಿಲ್ಲ. ಅವ್ವನ ಪಕ್ಕದಿಂದ ಮೈ ಓರೆ ಮಾಡಿ ಹೊಸಿಲು ದಾಟಿದಳು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಹೋದೆ. ಅಂದು ಪಾಳಿಗೆ ಹೋಗಲಿಲ್ಲ. ಬೀದಿಯಲ್ಲಿ ನೀರು ತರುತ್ತಿದ್ದ ಹೆಂಗಸರು ಅವಳನ್ನು ಕಂಡು ಗೋಡೆಯ ಕಡೆ ತಿರುಗಿ ನಿಂತರು. ಅಕ್ಕ ನೆಲ ನೋಡುತ್ತ ಸ್ಟೇಷನ್ನಿನವರೆಗೆ ನಡೆದಳು.

ಕಟಿಂಗ್ ಸಲೂನಿಗೆ ಹೆಂಗಸರು ಕಾಲಿಡುವ ಕಾಲವಲ್ಲ ಅದು. ಅದರಲ್ಲೂ ಗಂಡ ಸತ್ತು ಎರಡು ತಿಂಗಳು ತುಂಬದವಳು. ನಾನೇ ಒಳಗೆ ಹೋಗಿ ತರುತ್ತೇನೆ, ನೀನು ಹೊರಗಿರು ಅಂದೆ. ಅವಳು ಕೇಳಲಿಲ್ಲ. ಅವಳು ಒಳಗೆ ಬಂದದ್ದೇ ಕುರ್ಚಿಯಲ್ಲಿದ್ದವನು ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದಂತೆಯೇ ಎದ್ದು ನಿಂತ. ಬೆಂಚಿನ ಮೇಲಿದ್ದ ಇಬ್ಬರು ಸದ್ದಿಲ್ಲದೆ ಹೊರಗೆ ಹೋದರು. ಯಜಮಾನ ಕತ್ತಿ ಮಡಚಿ ಕೆಳಗಿಟ್ಟು, "ಬರ್ರಿ ಅಕ್ಕಾರೆ, ಕೂಡ್ರಿ," ಅಂದ.

ಅವಳು ಕೂರಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಬಳೆಯಿಲ್ಲದ ಕೈಯನ್ನು ಗಡಿಗೆಯೊಳಗೆ ಇಳಿಸಿದಳು. "ಇವನ್ನ ತಿಕ್ಕಿಲ್ಲ ಅಲ್ಲಪ್ಪ?" ಅಂದಳು.

"ಮುಟ್ಟಬ್ಯಾಡ ಅಂದಿದ್ರು ಅವ್ರು. ಇಲ್ಲಿಗಂಟ ಮುಟ್ಟಿಲ್ರಿ."

ಗಡಿಗೆಯಲ್ಲಿ ಕೈಯಿಟ್ಟುಕೊಂಡೇ ಅಕ್ಕ ಅತ್ತಳು. ಭಾವ ಸತ್ತ ದಿನ ಅತ್ತಿರಲಿಲ್ಲ. ಹೆಣ ಎತ್ತುವಾಗ ಹೆಂಗಸರು ಅವಳನ್ನು ಅಲ್ಲಾಡಿಸಿ ಅಳಿಸಲು ನೋಡಿದ್ದರು, ಆಗಲೂ ಅತ್ತಿರಲಿಲ್ಲ. ಈಗ ಕಂಡವರ ಸಲೂನಿನಲ್ಲಿ, ಗೋಡೆಯ ತುಂಬ ಕನ್ನಡಿ ಇರುವಲ್ಲಿ, ಬಿಕ್ಕಿ ಬಿಕ್ಕಿ ಅತ್ತಳು. ಯಜಮಾನ ಬಾಗಿಲ ಪರದೆ ಎಳೆದು ಹೊರಗೆ ಹೋಗಿ ನಿಂತ. ನೊರೆಯ ಮುಖದವನೂ ಅವನ ಹಿಂದೆ ಹೋದ. ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ. ಎತ್ತ ತಿರುಗಿದರೂ ಅವಳೇ ಕಾಣುತ್ತಿದ್ದಳು.

ಬರುವಾಗ ರೈಲಿನಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚದೆ, ಆಗಾಗ ಕೈಯಿಂದ ನೀರನ್ನು ಕಲಕುತ್ತ ಕೂತಿದ್ದಳು. ಅತ್ತು ಮುಖ ಹಗುರಾಗಿತ್ತು. ಒಂದು ಸಲ ನನ್ನ ಕಡೆ ತಿರುಗಿ ನಕ್ಕಳು.

"ಬಟ್ಟೆ ಕುದಿಸಿದ್ರಿ, ತಟ್ಟೆ ಕುದಿಸಿದ್ರಿ, ಕಲ್ಲು ಕುದಿಸಿದ್ರಿ. ನನ್ನೊಬ್ಬಳನ್ನ ಹಂಡೇಗೆ ಹಾಕಲಿಲ್ಲ ನೋಡು."

ಚಿಕ್ಕಂದಿನಲ್ಲಿ ನನ್ನನ್ನು ರೇಗಿಸುತ್ತಿದ್ದ ದನಿಯೇ ಅದು. ನಾನೂ ನಗಬೇಕಿತ್ತು. ಕಿಟಕಿಯ ಆಚೆ ನೋಡುತ್ತ ಕೂತೆ.

ಆಮೇಲಿನ ಕೆಲಸವೆಲ್ಲ ಅಕ್ಕನದು. ಹೇಗೂ ಹೊಸಿಲು ದಾಟಿಯಾಗಿತ್ತು, ಅವ್ವ ಮಾತು ಬಿಟ್ಟಿದ್ದಳು, ಮೂಲೆಯಲ್ಲಿ ಕೂರು ಎಂದು ಹೇಳುವವರು ಯಾರೂ ಇರಲಿಲ್ಲ. ತಂದ ಕಲ್ಲುಗಳನ್ನು ಗಡಿಗೆಯ ಮಧ್ಯಕ್ಕೆ ಹಾಕಿ, ಸುತ್ತಲೂ ನಾನು ಬೆಳ್ಳಗೆ ಮಾಡಿದ ಕಲ್ಲು ಜೋಡಿಸಿದಳು. ಮೀನಿಗೆ ಹಿಟ್ಟು ನಿಲ್ಲಿಸಿದಳು. ಬಾವಿಯ ನೀರನ್ನು ಒಂದು ದಿನ ತೆರೆದಿಟ್ಟು, ಮರುದಿನ ತೊಟ್ಟಿಯಿಂದ ನಾಲ್ಕು ಚೆಂಬು ತೆಗೆದು ನಾಲ್ಕು ಚೆಂಬು ಹಾಕುತ್ತಿದ್ದಳು, ಹೆಚ್ಚಿಲ್ಲ. ಗಡಿಗೆಗೆ ಎರಡು ಹೊತ್ತಲ್ಲ, ಹಗಲೆಲ್ಲ ನೀರು ಸುರಿಯುತ್ತಿದ್ದಳು. ಭುಜ ನೋಯುತ್ತಿತ್ತೇನೋ, ಕೈ ಬದಲಿಸುತ್ತಿದ್ದಳು. ನಾನು ಕೊಡು ಅಂದರೆ ಕೊಡುತ್ತಿರಲಿಲ್ಲ. ಕೊಡದಿದ್ದದ್ದೇ ಸರಿ.

ಆ ವಾರ ಮತ್ತೊಂದು ಮೀನು ಹೋಯಿತು. ಉಳಿದದ್ದು ಎರಡು. ಅವು ತಳಕ್ಕೆ ಅಂಟಿಕೊಂಡಂತೆ ನಿಂತಿರುತ್ತಿದ್ದವು, ಕಿವಿರು ಕೆಂಪಗಾಗಿತ್ತು. ನೀರು ಬಿಳಿಯಾಗಿಯೇ ಇತ್ತು. ನಾನು ದಿನವೂ ಪಾಳಿಯಿಂದ ಬಂದವನೇ ಮೊದಲು ಅಲ್ಲಿಗೆ ಹೋಗಿ ಎಣಿಸುತ್ತಿದ್ದೆ. ಎರಡನ್ನು ಎಣಿಸುವುದೇನು ಬಂತು, ಆದರೂ ಎಣಿಸುತ್ತಿದ್ದೆ. ದೇವರಿಗೆ ಹರಕೆ ಹೊತ್ತವನಲ್ಲ ನಾನು, ಆ ದಿನಗಳಲ್ಲಿ ಅದನ್ನೂ ಮಾಡಿದೆ.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೀರಿನ ಆಚೆ ಗೋಡೆಯ ಗೆರೆ ಕಂಡಿತು. ಇನ್ನೂ ಹತ್ತು ದಿನಕ್ಕೆ ನೀರು ತಿಳಿಯಾಯಿತು. ಮೀನುಗಳು ಮಧ್ಯಕ್ಕೆ ಬಂದು ಈಜತೊಡಗಿದವು. ಎರಡು ತಿಂಗಳ ಹತ್ತಿರ ಆದಾಗ ಅಕ್ಕ ನನ್ನನ್ನು ಕರೆದು, ಗಡಿಗೆಯ ಅಂಚಿನ ಒಂದು ಕಲ್ಲು ತೆಗೆದು ಕೈಗಿಟ್ಟಳು. ನಾನು ಕುದಿಸಿದ ಕಲ್ಲು. ಅದರ ಮೇಲೆ ತೆಳ್ಳಗೆ ಕಂದು ಬಣ್ಣ ಹಿಡಿದಿತ್ತು, ಹೆಬ್ಬೆರಳು ಜಾರಿತು. "ಹತ್ತೈತೆ," ಅಂದಳು. ಅಂದು ಮಧ್ಯಾಹ್ನ ಅವಳು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಯೊಡ್ಡಿದಳು. ಅವ್ವ ರೊಟ್ಟಿ ಹಾಕಿ, ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾತು ಮತ್ತೆ ಶುರುವಾದದ್ದು ಅಂದೇ.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಮನೆಗೆ ಬಂದವರಿಗೆ ನಾನು ಎಷ್ಟೋ ಸಲ ಇಲ್ಲಿಗೇ ಮುಗಿಸಿದ್ದೇನೆ.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಬಾಣಂತನಕ್ಕೆ ಲೋಕಿಕೆರೆಯ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾಯಿತು. ಮಗುವಿಗೆ ಐದನೆಯ ತಿಂಗಳಲ್ಲಿ ತಾಯಿ ಮಗು ಮನೆಗೆ ಬರುವುದೆಂದು ನಿಶ್ಚಯವಾಯಿತು. ತೊಟ್ಟಿಲು ತೊಳೆದು ಒಣಗಿಸಿ ಎಲ್ಲಿ ಕಟ್ಟುವುದೆಂದು ಅವ್ವನೂ ನಾನೂ ಪಡಸಾಲೆಯಲ್ಲಿ ಮಾತಾಡುತ್ತಿದ್ದೆವು. ಒಳಕೋಣೆಯ ತೊಲೆ ಗಟ್ಟಿ, ಗಾಳಿಯೂ ಇದೆ. ಅವ್ವ ಆ ಕಡೆ ನೋಡಿದಳು, ನನ್ನನ್ನು ನೋಡಿದಳು. "ಅಲ್ಲಿ ಅವಳು ಮಲಗ್ತಾಳಲ್ಲಪ್ಪ," ಅಂದಳು. ಅಷ್ಟೇ ಅಂದದ್ದು. ಅವಳಿಗೂ ಸಂಕಟವಿತ್ತು, ಅವಳದೇ ಮಗಳು. ನಾನು, "ಹೌದು, ಅಲ್ಲಿ ಬ್ಯಾಡ," ಅಂದೆ. ಪಡಸಾಲೆಯಲ್ಲಿ ಆಡಿದ ಮಾತು ಒಳಕೋಣೆಗೆ ಕೇಳುತ್ತದೆ.

ಎಕ್ಸ್‌ರೇ ಚೀಟಿ ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಹೇಳುತ್ತೇನೆ, ನನಗೆ ಹೆದರಿಕೆ ಇತ್ತು. ಅಕ್ಕ ಒಮ್ಮೆ ಗಂಟಲು ಸರಿಮಾಡಿಕೊಂಡರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಅವಳ ಲೋಟ ಬೇರೆ ಇತ್ತು, ಅದನ್ನು ಬೇರೆ ಇಟ್ಟವರು ಯಾರೆಂದು ಯಾರೂ ಕೇಳಿರಲಿಲ್ಲ. ಇಟ್ಟವನು ನಾನು.

ಒಂದು ವಾರಕ್ಕೆ ಅಕ್ಕ, ದಾವಣಗೆರೆಯಲ್ಲಿ ಹುಡುಗರ ಹಾಸ್ಟೆಲ್ಲಿನಲ್ಲಿ ಅಡಿಗೆಗೆ ಹೆಂಗಸು ಬೇಕಂತೆ, ಇರಲಿಕ್ಕೂ ಕೋಣೆ ಕೊಡುತ್ತಾರಂತೆ, ಸಲೂನಿನವನು ಹೇಳಿಕಳಿಸಿದ್ದಾನೆ ಅಂದಳು. ಯಾವಾಗ ಹೇಳಿಕಳಿಸಿದ, ಯಾರ ಕೈಯಲ್ಲಿ, ನಾನು ಕೇಳಲಿಲ್ಲ. ತೊಟ್ಟಿಯನ್ನು ಗಾಡಿಗೆ ಹಾಕಿಸಲೇ ಅಂದೆ. ಅವಳು ತಲೆಯಾಡಿಸಿದಳು.

"ಬ್ಯಾಡ. ಈಗಷ್ಟೇ ನೆಲೆ ಹತ್ತೈತೆ. ಇನ್ನೊಂದು ಸಲ ಎತ್ತಿದ್ರೆ ತಡಿಯಲ್ಲ. ಇಲ್ಲೇ ಇರ್ಲಿ. ತೊಳಿಬ್ಯಾಡ, ಅಷ್ಟೇ."

ಟ್ರಂಕನ್ನು ನಾನೇ ಹೊತ್ತು ರೈಲಿಗೆ ಏರಿಸಿದೆ. ಗಾಡಿ ಬಿಡಲು ಇನ್ನೂ ಹೊತ್ತಿತ್ತು. ಇಬ್ಬರೂ ಎದುರುಬದುರು ಕೂತಿದ್ದೆವು. ಹೋಗಬೇಡ ಅನ್ನಲು ಬೇಕಾದಷ್ಟು ಹೊತ್ತಿತ್ತು.

ಹಾಸ್ಟೆಲ್ಲಿನಲ್ಲಿ ಅವಳು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಡಿಗೆ ಮಾಡಿದಳು. ಹಳ್ಳಿಗಳಿಂದ ಓದಲು ಬಂದ ಎಷ್ಟೋ ಹುಡುಗರು ಅವಳ ಕೈಯ ಅನ್ನ ತಿಂದು ದೊಡ್ಡವರಾದರು. ಯಾರಿಗೂ ಏನೂ ಆಗಲಿಲ್ಲ. ಅವಳಿಗೂ ಆಗಲಿಲ್ಲ. ಆ ಎರಡು ಮೀನುಗಳಲ್ಲಿ ಒಂದು ಇನ್ನೂ ಎರಡು ವರ್ಷ, ಇನ್ನೊಂದು ಮೂರು ವರ್ಷ ಬದುಕಿದವು. ಪಾಳಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ನಾನೇ ನೀರು ಸುರಿಯುತ್ತಿದ್ದೆ.

ತಿಂಗಳಿಗೊಂದು ಭಾನುವಾರ ಅವಳು ಹರಿಹರಕ್ಕೆ ಬರುತ್ತಿದ್ದಳು. ಮಗುವಿಗೆ ಕಡಲೆ ಮಿಠಾಯಿ ತಂದು ಅವ್ವನ ಕೈಗೆ ಕೊಡುತ್ತಿದ್ದಳು, ಮಗುವಿನ ಕೈಗಲ್ಲ. ತೊಟ್ಟಿಯ ಪಕ್ಕದಲ್ಲಿ ಗೋಡೆಗೊರಗಿ ಕೂರುತ್ತಿದ್ದಳು. ನನ್ನ ಮಗಳು ನಡೆಯಲು ಕಲಿತ ಮೇಲೆ ಮೀನು ನೋಡಲು ಅಲ್ಲಿಗೇ ಓಡುತ್ತಿದ್ದಳು. ಓಡಿಬಂದು ಅತ್ತೆಯ ತೊಡೆಯ ಮೇಲೆ ಬೀಳುವಷ್ಟರಲ್ಲಿ ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಮಡಚಿಕೊಂಡು ಅತ್ತ ಸರಿಯುತ್ತಿದ್ದಳು. ನಗುತ್ತಲೇ ಸರಿಯುತ್ತಿದ್ದಳು. ಒಂದು ಭಾನುವಾರ ಮಗು ಸೋಲಲಿಲ್ಲ, ಎರಡೂ ತೋಳು ಚಾಚಿ ಎತ್ತಿಕೋ ಎಂದು ಅವಳ ಎದುರಿಗೇ ನಿಂತಿತು. ಅಕ್ಕ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಎದ್ದು ಹೋಗಿ ಮಗುವನ್ನು ಎತ್ತಿಕೊಂಡೆ.